ಒಂದು ಆಟ ಮತ್ತು ಅದರ ಅನುಬಂಧಗಳು

ಗ್ರಂಥ ಮುಗಿದ ಮೇಲೆ ಅದಕ್ಕೆ ಅನುಬಂಧ ಸೇರಿಸುವುದು ಹಳೆಯ ಪದ್ಧತಿ. ಶಾಸ್ತ್ರಗ್ರಂಥಗಳಲ್ಲಿ ಅದು ಅನಿವಾರ್ಯ, ನಿಘಂಟುಗಳಲ್ಲಿ ಸ್ವಾಗತಾರ್ಹ. ಕಾವ್ಯದಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಯಾರಾದರೂ ಸೇರಿಸಿದರೆ ಅದನ್ನು ಪ್ರಕ್ಷೇಪವೆಂದು ಕರೆದು ಸಂಪಾದಕರು ಅಡಿಟಿಪ್ಪಣಿಗೆ ಇಳಿಸಿಬಿಡುತ್ತಾರೆ. ಈ ಮೂರು ಜಾತಿಗೂ ಪೂರ್ಣವಾಗಿ ಸೇರದ, ಆದರೆ ಮೂರರ ಗುಣವೂ ಅಷ್ಟಷ್ಟು ಇರುವ ಒಂದು ಬಗೆಯ ಪುಸ್ತಕಗಳು ಕಳೆದ ಐವತ್ತು ವರ್ಷಗಳಿಂದ ಅಮೆರಿಕದಲ್ಲಿ ಅಚ್ಚಾಗುತ್ತಿವೆ. ಅವು ಆಟದ ಪುಸ್ತಕಗಳು. ಆಟದ ಪುಸ್ತಕಕ್ಕೆ ಸಾಹಿತ್ಯದ ಪುಟದಲ್ಲಿ ಏನು ಕೆಲಸವೆಂದು ಹುಬ್ಬೇರಿಸುವ ಓದುಗರಿದ್ದರೆ ನನ್ನ ಉತ್ತರವಿಷ್ಟೆ: ಆಡುವವರು ಇವನ್ನು ಕಾದಂಬರಿಯಂತೆ ಓದುತ್ತಾರೆ, ಆಡಲು ಜೊತೆಗಾರರು ಸಿಗದವರು ಇನ್ನೂ ಹೆಚ್ಚಾಗಿ ಓದುತ್ತಾರೆ. ಓದಿದವರ ಕಲ್ಪನೆಯನ್ನು ಈ ಪುಸ್ತಕಗಳು ಏನು ಮಾಡುತ್ತವೆ ಎಂಬುದು ವಿಮರ್ಶಕನು ಕೇಳಬೇಕಾದ ಪ್ರಶ್ನೆಯೇ ಸರಿ.

ಆಟವನ್ನು ಅರಿಯದವರಿಗಾಗಿ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂಡುತ್ತಾರೆ. ಒಬ್ಬ ಸೂತ್ರಧಾರ, ಅವನಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ: ಯೋಧ, ಮಾಂತ್ರಿಕ, ಪುರೋಹಿತ, ಹೀಗೆ. ನಿಮ್ಮೆದುರು ಒಂದು ಹಾಳುಕೋಟೆ, ಬಾಗಿಲು ಅರೆ ತೆರೆದಿದೆ, ಒಳಗೆ ಏನೋ ಉಸಿರಾಡುತ್ತಿದೆ ಎಂದು ಸೂತ್ರಧಾರ ಹೇಳಿದರೆ, ತಮ್ಮ ಪಾತ್ರ ಏನು ಮಾಡುತ್ತದೆಂದು ಉಳಿದವರು ಬಾಯಲ್ಲೇ ಹೇಳಬೇಕು. ಫಲ ಸಂದೇಹದ್ದಾದರೆ ದಾಳ ಉರುಳಿಸಿ ತೀರ್ಮಾನ. ನಮ್ಮ ತಾಳಮದ್ದಳೆಯನ್ನು ಕೇಳಿ ಬಲ್ಲವರಿಗೆ ಇದು ತೀರ ಅಪರಿಚಿತವಾಗಿ ತೋರದು. ವೇಷವಿಲ್ಲ, ರಂಗಸ್ಥಳವಿಲ್ಲ, ಮಾತಿನಲ್ಲೇ ಯುದ್ಧ, ಮಾತಿನಲ್ಲೇ ಸಂಧಿ. ಅಲ್ಲಿ ಅರ್ಥಧಾರಿಗೆ ಪ್ರಸಂಗದ ಪದ್ಯ ಕಡಿವಾಣ, ಇಲ್ಲಿ ಆಟಗಾರನಿಗೆ ನಿಯಮ ಮತ್ತು ದಾಳ.

ಈ ಜಾತಿಯ ಆಟಗಳಿಗೆಲ್ಲ ತಾಯಿಯೆನಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಹೊರಬಂತು. ಕರ್ತೃಗಳು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವ ಎಂಬ ಸಣ್ಣ ಊರಿನಲ್ಲಿದ್ದ ಟಿ.ಎಸ್.ಆರ್. ಕಂಪೆನಿ ಪ್ರಕಾಶಕರು. ಒಂದು ಪೆಟ್ಟಿಗೆ, ಅದರಲ್ಲಿ ಮೂರು ಕಿರುಹೊತ್ತಗೆ, ಬೆಲೆ 10 ಡಾಲರು. ಭಾಷೆ ಒರಟು; ವಿಷಯ ಜೋಡಿಸಿದ ಕ್ರಮ ಇನ್ನೂ ಒರಟು. ಎಷ್ಟೋ ಕಡೆ ಅದೇ ಗುಂಪಿನವರು 1971ರಲ್ಲಿ ತಂದಿದ್ದ ಇನ್ನೊಂದು ಯುದ್ಧದಾಟದ ಪುಸ್ತಕ ಕೈಯಲ್ಲಿಲ್ಲದಿದ್ದರೆ ಅರ್ಥವೇ ಆಗದು. ಆದರೂ ಆ ಹೊತ್ತಗೆಗಳಿಗೆ ಒಂದು ಧಾರಾಳವಿತ್ತು. ಕಿರುಗತ್ತಿಯಿಂದ ಹೊಡೆದರೂ, ಎರಡು ಕೈಯಲ್ಲಿ ಹಿಡಿಯುವ ಹಿರಿಗತ್ತಿಯಿಂದ ಹೊಡೆದರೂ ಪೆಟ್ಟಿಗೆ ಆರು ಮುಖದ ಒಂದೇ ದಾಳ. ಆಯುಧದ ವ್ಯತ್ಯಾಸವನ್ನು ಆಟಗಾರ ತನ್ನ ಮಾತಿನಲ್ಲಿ ತೋರಿಸಬೇಕು. ಮೂರನೆಯ ಹೊತ್ತಗೆಯ ಕೊನೆಗೆ ಕರ್ತೃಗಳು ಓದುಗರಿಗೆ ಹೇಳಿದ ತಾತ್ಪರ್ಯ ಇದು: ಸಂದೇಹ ಬಂದರೆ ನೀವೇ ತೀರ್ಮಾನ ಮಾಡಿಕೊಳ್ಳಿ, ನಿಮ್ಮ ಪರವಾಗಿ ಕಲ್ಪಿಸುವ ಕೆಲಸವನ್ನು ನಾವೇಕೆ ಇನ್ನಷ್ಟು ಮಾಡಬೇಕು?

ಮರುವರ್ಷವೇ ಮಾಡಿದರು. 1975ರಲ್ಲಿ 'ಗ್ರೇಹಾಕ್' ಎಂಬ ಮೊದಲ ಅನುಬಂಧ ಬಂತು. ಬರೆದವರು ಗೈಗ್ಯಾಕ್ಸ್ ಮತ್ತು ರಾಬ್ ಕುಂಟ್ಸ್. ಅದರಲ್ಲಿ ಒಂದೊಂದು ಆಯುಧಕ್ಕೂ ಒಂದೊಂದು ದಾಳ ಬಂತು. ಯೋಧನ ಪ್ರಾಣಬಲಕ್ಕೆ ಆರು ಮುಖದ ದಾಳ ಹೋಗಿ ಎಂಟು ಮುಖದ್ದು ಬಂತು. ಮಾಂತ್ರಿಕನ ಮಂತ್ರಗಳು ಮೊದಲು ಆರು ಮೆಟ್ಟಿಲಿಗೆ ನಿಂತಿದ್ದವು, ಈಗ ಒಂಬತ್ತಾದವು. ಒಂಬತ್ತನೆಯ ಮೆಟ್ಟಿಲಿನಲ್ಲಿ ಬಯಸಿದ್ದನ್ನು ಬಯಸಿದಂತೆ ಕೊಡುವ ಮಂತ್ರ ಕುಳಿತಿದೆ. ಮೊದಲ ಅನುಬಂಧದಲ್ಲೇ ಕಲ್ಪವೃಕ್ಷ ನೆಟ್ಟ ಮೇಲೆ ಎರಡನೆಯದರಲ್ಲಿ ನೆಡಲು ಏನು ಉಳಿಯಿತು?

ಆದರೆ ನನ್ನ ಮುಖ್ಯ ಆಕ್ಷೇಪ ಈ ಏರಿಕೆಯ ಮೇಲಲ್ಲ. ಅದೇ ಪುಸ್ತಕದಲ್ಲಿ ಹುಟ್ಟಿದ ಕಳ್ಳನ ಮೇಲೆ. ಮೂಲದಲ್ಲಿ ಕಳ್ಳನೆಂಬ ಪಾತ್ರವಿರಲಿಲ್ಲ. ಸದ್ದಿಲ್ಲದೆ ನಡೆಯಬೇಕೇ? ಪಾದರಕ್ಷೆ ಕಳಚಿ ಗೋಡೆಗೆ ಒತ್ತಿಕೊಂಡು ಹೋಗುತ್ತೇನೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಬೋನು ಹುಡುಕಬೇಕೇ? ಉದ್ದನೆಯ ಕೋಲಿನಿಂದ ನೆಲ ತಟ್ಟುತ್ತ ಹೋಗಬಹುದಿತ್ತು. ಹೇಳಿದ್ದು ಯುಕ್ತವಾಗಿದ್ದರೆ ಸೂತ್ರಧಾರ ಒಪ್ಪುತ್ತಿದ್ದ. 'ಗ್ರೇಹಾಕ್' ಬಂದ ಮೇಲೆ ಸದ್ದಿಲ್ಲದೆ ನಡೆಯಲು ಶೇಕಡ ಇಷ್ಟು, ಬೀಗ ತೆರೆಯಲು ಇಷ್ಟು ಎಂದು ಕಳ್ಳನ ಹೆಸರಿನಲ್ಲಿ ಒಂದು ಪಟ್ಟಿ ಅಚ್ಚಾಯಿತು. ಪಟ್ಟಿಯಲ್ಲಿ ತನ್ನ ಹೆಸರಿಲ್ಲದ ಯೋಧ ಪಾದರಕ್ಷೆ ಕಳಚುವುದನ್ನು ಬಿಟ್ಟ. ಒಬ್ಬನಿಗೆ ಕೊಟ್ಟ ವರ ಉಳಿದವರಿಗೆಲ್ಲ ಬೇಲಿಯಾಯಿತು. ಅನುಬಂಧವು ಆಟಕ್ಕೆ ಸೇರಿಸುತ್ತದೆಂದು ಮುಖಪುಟ ಹೇಳುತ್ತದೆ. ಸೇರಿಸಿದ್ದು ಕಣ್ಣಿಗೆ ಕಾಣುತ್ತದೆ, ಕಳೆದದ್ದು ಕಾಣುವುದಿಲ್ಲ.

ಬಲ ಹೀಗೆ ಪುಸ್ತಕದಿಂದ ಪುಸ್ತಕಕ್ಕೆ ಏರುವುದನ್ನು ಆಟಗಾರರು 'ಪವರ್ ಕ್ರೀಪ್' ಎನ್ನುತ್ತಾರೆ. ನಾನು ಒತ್ತುವರಿ ಎನ್ನುತ್ತೇನೆ. ನೆರೆಯವನು ವರ್ಷಕ್ಕೊಂದು ಗೇಣು ಬೇಲಿ ಸರಿಸಿದರೆ ಯಾವ ವರ್ಷವೂ ಜಗಳಕ್ಕೆ ಸಾಕಾಗುವಷ್ಟು ಕಾರಣ ಸಿಗುವುದಿಲ್ಲ. ಹತ್ತನೆಯ ವರ್ಷ ನೋಡಿದರೆ ಬಾವಿಯೇ ಅವನ ಕಡೆ ಹೋಗಿರುತ್ತದೆ.

ಇದನ್ನು ಪ್ರಕಾಶಕರು ಗಮನಿಸಲಿಲ್ಲವೆಂದಲ್ಲ. ನಾಲ್ಕನೆಯ ಅನುಬಂಧ 'ಗಾಡ್ಸ್, ಡೆಮಿಗಾಡ್ಸ್ ಅಂಡ್ ಹೀರೋಸ್' 1976ರಲ್ಲಿ ಬಂತು. ಗ್ರೀಸಿನ, ಈಜಿಪ್ಟಿನ, ಉತ್ತರ ಯೂರೋಪಿನ ದೇವತೆಗಳ ಜೊತೆಗೆ ನಮ್ಮ ಭಾರತದ ದೇವತೆಗಳಿಗೂ ಅಲ್ಲಿ ಒಂದು ಅಧ್ಯಾಯವಿದೆ. ಅದರ ಮುನ್ನುಡಿಕಾರ ಟಿಮ್ ಕ್ಯಾಸ್ಕ್ ಸಿಟ್ಟಿನಿಂದಲೇ ಬರೆದಿದ್ದಾನೆ: ಆಟಗಾರರಿಗೆ ನಿಧಿಯನ್ನೂ ಬಲವನ್ನೂ ಕೈಬಿಚ್ಚಿ ಸುರಿಯುವ ಸೂತ್ರಧಾರರಿಗೆ ನಾಚಿಕೆ ತರಿಸಲು ಇದು ಕೊನೆಯ ಪ್ರಯತ್ನ, ದೇವಪಿತಾಮಹನಾದ ಓಡಿನ್‌ನಿಗೇ ಪ್ರಾಣಬಲ 300 ಎಂದಮೇಲೆ ನಲವತ್ತು ಮೆಟ್ಟಿಲು ದಾಟಿದ ನಿಮ್ಮ ವೀರರನ್ನು ಯಾರು ಗಂಭೀರವಾಗಿ ನೋಡುತ್ತಾರೆ, ಎಂಬ ಧಾಟಿ. ಉದ್ದೇಶ ಒಳ್ಳೆಯದು, ಉಪಾಯ ತಿರುಗುಬಾಣ. ದೇವರಿಗೆ ಅಂಕೆ ಬರೆದ ಕ್ಷಣವೇ ದೇವರು ಕೊಲ್ಲಬಹುದಾದ ವಸ್ತುವಾದ. 300 ಎಂದರೆ ಹುಡುಗರಿಗೆ ಎಚ್ಚರಿಕೆಯಾಗಲಿಲ್ಲ, ಗುರಿಯಾಯಿತು. ಎಷ್ಟೋ ಮೇಜುಗಳಲ್ಲಿ ಆ ಪುಸ್ತಕವನ್ನು ಬೇಟೆಯ ಪಟ್ಟಿಯಂತೆ ಬಳಸಿದರು.

ನಮ್ಮ ಇಂದ್ರನಿಗೆ ಇದು ಹೊಸ ಅವಮಾನವೇನಲ್ಲವೆನ್ನಿ. ಪುರಾಣಗಳಲ್ಲಿ ಅಸುರನೊಬ್ಬ ತಪಸ್ಸು ಮಾಡಿ ಹೊಸ ವರ ಪಡೆದಾಗಲೆಲ್ಲ ಮೊದಲು ಸಿಂಹಾಸನ ಬಿಟ್ಟು ಓಡುವವನು ಅವನೇ. ಆದರೆ ಪುರಾಣಕಾರರಿಗೆ ಒಂದು ಗುಟ್ಟು ಗೊತ್ತಿತ್ತು. ಹಿರಣ್ಯಕಶಿಪುವಿನ ವರಕ್ಕೆ ಅವರು ಇನ್ನೊಂದು ದೊಡ್ಡ ವರವನ್ನು ಎದುರಿಡಲಿಲ್ಲ. ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲನ್ನು, ಹಗಲೂ ಅಲ್ಲದ ಇರುಳೂ ಅಲ್ಲದ ಸಂಜೆಯನ್ನು ಹುಡುಕಿದರು. ಬಲಕ್ಕೆ ಉತ್ತರ ಹೆಚ್ಚಿನ ಬಲವಲ್ಲ, ಹೆಚ್ಚಿನ ಜಾಣತನ. ಅನುಬಂಧಗಳನ್ನು ಬರೆಯುವವರು ಈ ಕಥೆಯನ್ನು ಓದಿದಂತೆ ಕಾಣುವುದಿಲ್ಲ.

ಇದಕ್ಕೆಲ್ಲ ಮೂಲ ದುರಾಸೆಯೆಂದು ಹೇಳಿ ಮುಗಿಸುವುದು ಸುಲಭ. ವಿಷಯ ಅಷ್ಟು ಸರಳವಾಗಿಲ್ಲ. ಚದುರಂಗದ ಮಣೆ ಒಂದನ್ನು ಕೊಂಡ ಮನೆಯಲ್ಲಿ ಮೂರು ತಲೆಮಾರು ಆಡಬಹುದು. ಈ ಆಟದ ಮೂಲಗ್ರಂಥವೂ ಹಾಗೆಯೇ. ಒಮ್ಮೆ ಮಾರಿದ ಮೇಲೆ ಪ್ರಕಾಶಕನಿಗೆ ಮತ್ತೆ ಮಾರಲು ಏನಿದೆ? ಬರೆಯುವವರಿಗೆ, ಚಿತ್ರ ತೆಗೆಯುವವರಿಗೆ ತಿಂಗಳ ಸಂಬಳ ಕೊಡಬೇಕು. ಸೂತ್ರಧಾರನಿಗಾಗಿ ಬರೆದ ಪುಸ್ತಕ ಮೇಜಿಗೊಂದು ಪ್ರತಿ ಹೋಗುತ್ತದೆ. ಆಟಗಾರರಿಗಾಗಿ ಬರೆದದ್ದು ಅದೇ ಮೇಜಿನಲ್ಲಿ ನಾಲ್ಕು ಪ್ರತಿ ಹೋಗಬಹುದು. ಆಟಗಾರ ಏಕೆ ಕೊಳ್ಳುತ್ತಾನೆ? ತನ್ನಲ್ಲಿರುವುದಕ್ಕಿಂತ ಕಡಿಮೆಯದು ಸಿಗುತ್ತದೆಂದು ಯಾರೂ ಹಣ ಬಿಚ್ಚುವುದಿಲ್ಲ.

ಇದಕ್ಕೆ ಕನ್ನಡಿಯಂತಿರುವ ಪುಸ್ತಕ 1985ರ 'ಅನರ್ಥ್ಡ್ ಆರ್ಕೇನ'. ಆಗ ಕಂಪೆನಿ ಹಣದ ಮುಗ್ಗಟ್ಟಿನಲ್ಲಿತ್ತು. ಗೈಗ್ಯಾಕ್ಸ್ ತಾನು ಮೊದಲೇ 'ಡ್ರ್ಯಾಗನ್' ಮಾಸಪತ್ರಿಕೆಯಲ್ಲಿ ಬರೆದಿದ್ದ ಎಷ್ಟೋ ಸಾಮಗ್ರಿಯನ್ನು ಒಟ್ಟುಗೂಡಿಸಿ ಈ ಸಂಪುಟವನ್ನು ತಂದ. ಚೆನ್ನಾಗಿ ಮಾರಾಟವಾಯಿತು, ಆದರೂ ಆ ವರ್ಷ ಮುಗಿಯುವುದರೊಳಗೆ ಕಂಪೆನಿ ಅವನ ಕೈ ತಪ್ಪಿತು. ಮೊದಲ ಮುದ್ರಣದ ಪ್ರತಿಗಳ ಕಟ್ಟು ಬಲುಬೇಗ ಸಡಿಲವಾಗಿ ಹಾಳೆ ಉದುರುತ್ತಿತ್ತೆಂಬ ದೂರು ಇವತ್ತಿಗೂ ಪ್ರಸಿದ್ಧ. ಅವಸರದ ಕೆಲಸಕ್ಕೆ ಅದಕ್ಕಿಂತ ಪ್ರಾಮಾಣಿಕ ಸಾಕ್ಷಿ ಬೇಡ.

ಆ ಪುಸ್ತಕದ ಒಂದೇ ಒಂದು ನಿಯಮವನ್ನು ಎತ್ತಿಕೊಂಡು ಲೆಕ್ಕ ಹಾಕೋಣ. ಯೋಧ ಒಂದು ಆಯುಧದಲ್ಲಿ ವಿಶೇಷ ಪರಿಣತಿ ಪಡೆಯಬಹುದು. ಅದನ್ನು ಇಮ್ಮಡಿ ಮಾಡಿಕೊಂಡರೆ ಗುರಿಗೆ 3, ಪೆಟ್ಟಿಗೆ 3 ಕೂಡುತ್ತದೆ. ಹಿಂದಿನ ನಿಯಮದಲ್ಲಿ ಮೊದಲ ಮೆಟ್ಟಿಲಿನ ಯೋಧನ ನೀಳಗತ್ತಿಯ ಪೆಟ್ಟಿಗೆ ಎಂಟು ಮುಖದ ದಾಳ. ಎದುರಿಗಿರುವ ಆರ್ಕ್ ಎಂಬ ಸಾಧಾರಣ ದೈತ್ಯನ ಪ್ರಾಣಬಲಕ್ಕೂ ಎಂಟು ಮುಖದ್ದೇ ದಾಳ. ಗುರಿ ತಾಗಿದ ಒಂದೇ ಪೆಟ್ಟಿಗೆ ಆರ್ಕ್ ಸಾಯುವ ಸಂಭವ 64ರಲ್ಲಿ 36, ಅಂದರೆ ಶೇಕಡ 56. ಹೆಚ್ಚುಕಡಮೆ ನಾಣ್ಯ ಚಿಮ್ಮಿದಂತೆ, ಉಸಿರು ಬಿಗಿಹಿಡಿಯಬೇಕು. ಪೆಟ್ಟಿಗೆ 3 ಕೂಡಿದ ಮೇಲೆ ಅದೇ ಸಂಭವ 64ರಲ್ಲಿ 54, ಶೇಕಡ 84. ಇದರ ಮೇಲೆ ಗುರಿ ತಾಗುವುದೇ ಇಪ್ಪತ್ತರಲ್ಲಿ ಮೂರು ಪಾಲು ಹೆಚ್ಚು. ಎರಡು ಸುತ್ತಿಗೆ ಎರಡರ ಬದಲು ಮೂರು ಹೊಡೆತ. ಇಷ್ಟೂ ಮೊದಲ ದಿನವೇ, ಇನ್ನೂ ಒಂದು ಸಾಹಸವನ್ನೂ ಮಾಡದ ಹುಡುಗನಿಗೆ. ನಿಯಮವನ್ನು ಓದುವಾಗ ಮೂರು ಎಂಬುದು ಸಣ್ಣ ಸಂಖ್ಯೆಯಂತೆ ಕಾಣುತ್ತದೆ!

ಸೂತ್ರಧಾರ ಏನು ಮಾಡುತ್ತಾನೆ? ಒಂದು ಆರ್ಕ್ ಇದ್ದಲ್ಲಿ ಎರಡನ್ನು ನಿಲ್ಲಿಸುತ್ತಾನೆ. ಬೆಲೆ ಏರಿತೆಂದು ತುಟ್ಟಿಭತ್ಯೆ, ಭತ್ಯೆ ಏರಿತೆಂದು ಬೆಲೆ. ಪತ್ರಿಕೆಯ ಓದುಗರಿಗೆ ಈ ಓಟವನ್ನು ವಿವರಿಸಬೇಕಾಗಿಲ್ಲ. ಹೊಸ ಪುಸ್ತಕ ಕೊಂಡವನು ಮೊದಲಿದ್ದಲ್ಲೇ ಇರುತ್ತಾನೆ. ಕೊಳ್ಳದವನು ಹಿಂದೆ ಬೀಳುತ್ತಾನೆ. ಭತ್ಯೆಯಿಲ್ಲದ ನಿವೃತ್ತ ಗುಮಾಸ್ತನ ಪಾಡು ಅವನದು.

ಕಳೆದ ವರ್ಷ ಬೆಂಗಳೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಹುಡುಗರು ಭಾನುವಾರ ಈ ಆಟವಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ಅವರದು 2014ರ ಐದನೆಯ ಆವೃತ್ತಿ. ನನ್ನ ಸೋದರಳಿಯನ ಪಾತ್ರ ಪುರೋಹಿತ. ಆದರೆ ಮೂಲಗ್ರಂಥದ ಪುರೋಹಿತನಲ್ಲ, 2020ರ 'ಟಾಷಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್' ಎಂಬ ಅನುಬಂಧದಿಂದ ಬಂದ ಸಂಧ್ಯಾದೇವತೆಯ ಪುರೋಹಿತ. ಅವನು ಒಮ್ಮೆ ಪ್ರಭಾವಲಯ ಹರಡಿದನೆಂದರೆ ಮೂವತ್ತು ಅಡಿಯೊಳಗಿನ ಗೆಳೆಯರಿಗೆಲ್ಲ ಪ್ರತಿ ಸುತ್ತಿನಲ್ಲೂ ತಾತ್ಕಾಲಿಕ ಪ್ರಾಣಬಲ ಹೊಸದಾಗಿ ಬರುತ್ತದೆ. ಆರನೆಯ ಮೆಟ್ಟಿಲಿನಲ್ಲಿ ಏಳರಿಂದ ಹನ್ನೆರಡರವರೆಗೆ. ಮುಂದೆ ನಿಂತು ಪೆಟ್ಟು ತಿನ್ನುವ ಯೋಧಳ ಪಾತ್ರ ಒಬ್ಬ ಹುಡುಗಿಯದು. ಅವಳ ಬಳಿ ಮೂಲಗ್ರಂಥವೊಂದೇ. ಸೇತುವೆಯ ಮೇಲೆ ಒಬ್ಬಳೇ ನಿಂತು, ನೀವು ದಾಟಿಹೋಗಿ, ನಾನು ತಡೆಯುತ್ತೇನೆ ಎಂದಳು. ಮಾತು ಚೆನ್ನಾಗಿತ್ತು. ಆದರೆ ಪೆಟ್ಟು ಬಿದ್ದದ್ದೆಲ್ಲ ಪ್ರಭಾವಲಯದಲ್ಲಿ ಇಂಗಿಹೋಯಿತು. ಗಾಯವಿಲ್ಲದ ತ್ಯಾಗಕ್ಕೆ ಯಾರೂ ತಲೆದೂಗಲಿಲ್ಲ. ಸೂತ್ರಧಾರ ಮುಖ ಸಪ್ಪಗೆ ಮಾಡಿಕೊಂಡು ಎದುರಾಳಿಗಳನ್ನು ಇಮ್ಮಡಿ ಮಾಡಿದ.

"ಏನೋ, ಇಷ್ಟು ಬಲವಾದರೆ ಆಟ ರುಚಿಸುತ್ತದೆಯೇ?" ಎಂದು ಆಮೇಲೆ ಕೇಳಿದೆ.

"ಪುಸ್ತಕದಲ್ಲೇ ಇದೆಯಲ್ಲ ಮಾವ, ನಾನೇನು ಮಾಡಲಿ?" ಎಂದ.

ಹುಡುಗ ಸ್ವಾರ್ಥಿಯಲ್ಲ, ಅವನ ವರದಿಂದ ಎಲ್ಲರಿಗೂ ಲಾಭವೇ ಆಗಿತ್ತು. ಅದೇ ಸೋಜಿಗ. ಒತ್ತುವರಿ ಯಾವಾಗಲೂ ಒಬ್ಬನ ಜಂಬದ ರೂಪದಲ್ಲೇ ಬರಬೇಕೆಂದಿಲ್ಲ. ಉಪಕಾರದ ರೂಪದಲ್ಲೂ ಬಂದು ಇನ್ನೊಬ್ಬರ ಪಾತ್ರದ ಅರ್ಥವನ್ನು ಒರೆಸಿಹಾಕಬಹುದು. ಅಚ್ಚಾದದ್ದು ಪ್ರಮಾಣ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸೂತ್ರಧಾರ ಬಾಯಿಮಾತಿನಲ್ಲಿ ಕೊಟ್ಟ ವರವನ್ನು ನಾಳೆ ಹಿಂದಕ್ಕೆ ಪಡೆಯಬಹುದು. ದಪ್ಪ ರಟ್ಟಿನ, ಬಣ್ಣದ ಚಿತ್ರಗಳ, ಬೆಲೆ ಕೊಟ್ಟು ಕೊಂಡ ಪುಸ್ತಕದಲ್ಲಿರುವುದನ್ನು ಬೇಡವೆನ್ನಲು ಅವನಿಗೆ ದಾಕ್ಷಿಣ್ಯ.

ಪ್ರಕಾಶಕರ ಕಡೆಯವರು ಒಂದು ವಾದ ಹೂಡುತ್ತಾರೆ: ಪ್ರತಿ ಪುಸ್ತಕದ ಹೊಸ ಸಾಮಗ್ರಿಯೂ ಸರಾಸರಿಯಲ್ಲಿ ಹಳೆಯದರ ಮಟ್ಟಕ್ಕೇ ಇರುತ್ತದೆ. ಇರಬಹುದು. ಆದರೆ ಆಟಗಾರ ಸರಾಸರಿಯನ್ನು ಆರಿಸಿಕೊಳ್ಳುವುದಿಲ್ಲ. ಹತ್ತು ಹೊಸ ವರಗಳಲ್ಲಿ ಒಂಬತ್ತು ಸಪ್ಪೆಯಾಗಿ ಒಂದು ಮಾತ್ರ ಹಳೆಯದಕ್ಕಿಂತ ಬಲವಾಗಿದ್ದರೆ ಪುಸ್ತಕದ ಸರಾಸರಿ ಇಳಿಯುತ್ತದೆ, ಮೇಜಿನ ಬಲ ಏರುತ್ತದೆ. ಚಾವಣಿ ಏರಬಲ್ಲದೇ ಹೊರತು ಇಳಿಯಲಾರದು. ಇನ್ನೊಂದು ತೊಡಕು, ವರಗಳು ಒಂದಕ್ಕೊಂದು ಕೂಡುತ್ತವೆ. ಹತ್ತು ವರಗಳಲ್ಲಿ ಜೋಡಿ ಮಾಡಿದರೆ 45 ಜೋಡಿ, ಸೂಕ್ಷ್ಮವಾಗಿ ಪರೀಕ್ಷಿಸಬಹುದು. ನೂರಾದರೆ 4,950. ಸಾವಿರವಾದರೆ 4,99,500. ಯಾವ ಸಂಪಾದಕ ಇಷ್ಟನ್ನು ಓದಿ ನೋಡಬಲ್ಲ?

ನೋಡದೆ ಬಿಟ್ಟದ್ದನ್ನು ಓದುಗರು ನೋಡುತ್ತಾರೆ. 2000ದಲ್ಲಿ ಬಂದ ಮೂರನೆಯ ಆವೃತ್ತಿಯೂ 2003ರಲ್ಲಿ ಬಂದ ಅದರ ಪರಿಷ್ಕರಣವೂ ಅನುಬಂಧಗಳ ಸುಗ್ಗಿಕಾಲ. 2004ರ 'ಸರ್ಪೆಂಟ್ ಕಿಂಗ್ಡಮ್ಸ್' ಎಂಬ ಪುಸ್ತಕದಲ್ಲಿ ಒಂದು ಪ್ರಾಚೀನ ಸರ್ಪಜನಾಂಗದ ವರ್ಣನೆಯಿದೆ. ಹೊಪ್ಪಳೆಯುಳ್ಳ ಜೀವಿಗಳ ರೂಪವನ್ನು ಮನಬಂದಂತೆ ತಿದ್ದುವ ಶಕ್ತಿ ಅದಕ್ಕೆ. ಲೆಕ್ಕದ ಹುಚ್ಚಿದ್ದವರು ಆ ಒಂದು ವಾಕ್ಯವನ್ನು ಬೇರೆ ಪುಸ್ತಕಗಳ ವಾಕ್ಯಗಳೊಡನೆ ಹೊಸೆದು ಪನ್-ಪನ್ ಎಂಬ ಪಾತ್ರವನ್ನು ಕಟ್ಟಿದರು. ಅದು ಕೋಬೋಲ್ಡ್, ಆ ಲೋಕದ ಜೀವಿಗಳಲ್ಲಿ ತೀರ ಬಡಪಾಯಿ. ನಿಯಮದ ಅಕ್ಷರವನ್ನು ಎಲ್ಲೂ ಮೀರದೆ ಅದು ಮಿತಿಯೇ ಇಲ್ಲದ ಶಕ್ತಿಯನ್ನು ಪಡೆಯುತ್ತದೆ. ಅದನ್ನು ಆಡಲೆಂದು ಯಾರೂ ಮಾಡಲಿಲ್ಲ. ಅದೊಂದು ವಿಡಂಬನೆ, ಅನುಬಂಧಗಳ ಮೇಲೆ ಬಂದ ವಿಮರ್ಶೆಗಳಲ್ಲೆಲ್ಲ ಅತ್ಯಂತ ಚುರುಕಾದದ್ದೆಂದು ನನಗನ್ನಿಸುತ್ತದೆ.

ಹಾಗೆಂದು ಎಲ್ಲ ಏರಿಕೆಯೂ ಕೆಡುಕಲ್ಲ. ಆ ಆವೃತ್ತಿಯ ಮೂಲಗ್ರಂಥದಲ್ಲೇ ಮಾಂತ್ರಿಕ, ಪುರೋಹಿತರು ಯೋಧನನ್ನು ಬಹುದೂರ ಹಿಂದೆ ಹಾಕಿದ್ದರು. ಹತ್ತು ಮೆಟ್ಟಿಲು ಏರಿದ ಮೇಲೆ ಮಾಂತ್ರಿಕ ಗಾಳಿಯಲ್ಲಿ ಹಾರಿ ಕ್ಷಣಾರ್ಧದಲ್ಲಿ ನಾಡಿನಿಂದ ನಾಡಿಗೆ ಹೋಗುತ್ತಾನೆ. ಯೋಧ ಇನ್ನೂ ಕತ್ತಿಯನ್ನೇ ಬೀಸುತ್ತಿರುತ್ತಾನೆ. 2006ರ 'ಬುಕ್ ಆಫ್ ನೈನ್ ಸ್ವೋರ್ಡ್ಸ್' ಎಂಬ ಅನುಬಂಧ ಕತ್ತಿ ಹಿಡಿದವರಿಗೂ ವರಸೆಗಳನ್ನು ಕೊಟ್ಟಿತು. ಆಗ ಗೊಣಗಿದವರು ಬಹಳ. ನಾನು ಆ ಪುಸ್ತಕದ ಪರ. ಬಿದ್ದವನನ್ನು ಎತ್ತಿ ನಿಲ್ಲಿಸುವುದಕ್ಕೂ ನಿಂತವನ ಹೆಗಲ ಮೇಲೆ ಹತ್ತುವುದಕ್ಕೂ ವ್ಯತ್ಯಾಸವಿದೆ. ಆದರೆ ಮೂಲಗ್ರಂಥದ ದೋಷಕ್ಕೆ ಇನ್ನೊಂದು ಪುಸ್ತಕದ ಬೆಲೆಯನ್ನು ಓದುಗನೇ ತೆರಬೇಕಾಯಿತಲ್ಲ, ಅದು ಬೇರೆ ಮಾತು. 2008ರ ನಾಲ್ಕನೆಯ ಆವೃತ್ತಿಯಲ್ಲೂ ಇದೇ ಆಯಿತು. ಮೇಲಿನ ಮೆಟ್ಟಿಲುಗಳಲ್ಲಿ ಗುರಿಯ ಲೆಕ್ಕ ಹಿಂದೆ ಬೀಳುತ್ತಿತ್ತು. ಅದನ್ನು ಸರಿದೂಗಿಸುವ ಪರಿಣತಿಗಳು ಮರುವರ್ಷದ ಎರಡನೆಯ ಸಂಪುಟದಲ್ಲಿ ಬಂದವು. ಆಟಗಾರರು ಅವಕ್ಕೆ ತೆರಿಗೆಯೆಂದೇ ಹೆಸರಿಟ್ಟರು.

ಐದನೆಯ ಆವೃತ್ತಿಯವರು ಮೊದಮೊದಲು ಸಂಯಮ ತೋರಿದರು. ಪುಸ್ತಕಗಳು ನಿಧಾನವಾಗಿ ಬಂದವು. ಅವರ ಅಧಿಕೃತ ಕೂಟಗಳಲ್ಲಿ ಕೆಲವು ವರ್ಷ ಒಂದು ಕಟ್ಟಳೆಯಿತ್ತು: ಪಾತ್ರ ಕಟ್ಟುವಾಗ ಮೂಲಗ್ರಂಥ, ಅದರ ಜೊತೆ ಇನ್ನೊಂದೇ ಪುಸ್ತಕ. ಐವತ್ತು ವರ್ಷದ ಚರಿತ್ರೆಯಲ್ಲಿ ಇದಕ್ಕಿಂತ ವಿವೇಕದ ನಿಯಮವನ್ನು ನಾನು ಕಂಡಿಲ್ಲ. ಆಮೇಲೆ ಅದನ್ನೂ ಕೈಬಿಟ್ಟರು. 2024ರಲ್ಲಿ ಮೂಲಗ್ರಂಥವನ್ನೇ ಪರಿಷ್ಕರಿಸಿ ಯೋಧರ ಆಯುಧಗಳಿಗೆಲ್ಲ ಒಂದೊಂದು ಕೌಶಲ ಬರೆದರು: ಈ ಆಯುಧ ತಳ್ಳುತ್ತದೆ, ಆ ಆಯುಧ ಬೀಳಿಸುತ್ತದೆ. ಓದುವಾಗ ನನಗೆ 1975ರ ಕಳ್ಳನ ನೆನಪು.

ಕೊಳ್ಳುವವರು ಸಲಹೆ ಕೇಳಿದರೆ ನಾನು ಬೇರೆ ಮನೆಯ ಪುಸ್ತಕವನ್ನು ತೋರಿಸುತ್ತೇನೆ. ಕೇಯಾಸಿಯಮ್ ಎಂಬ ಸಂಸ್ಥೆ 1981ರಲ್ಲಿ ತಂದ 'ಕಾಲ್ ಆಫ್ ಕ್ತುಲು' ಎಂಬ ಆಟ. ಮೂಲಕರ್ತೃ ಸ್ಯಾಂಡಿ ಪೀಟರ್ಸನ್. ಅದಕ್ಕೂ ಅನುಬಂಧಗಳು ಬೇಕಾದಷ್ಟಿವೆ, ಆದರೆ ಒತ್ತುವರಿ ಕಾಣೆ. ಪಾತ್ರಗಳು ವೀರರಲ್ಲ, ಗ್ರಂಥಪಾಲಕರು, ವೈದ್ಯರು, ಪತ್ರಕರ್ತರು. ಅನುಬಂಧಗಳಲ್ಲಿ ಬಹುಪಾಲು ಹೊಸ ವರಗಳಲ್ಲ, ಹೊಸ ಕಥೆಗಳು. 1984ರ 'ಮಾಸ್ಕ್ಸ್ ಆಫ್ ನ್ಯಾರ್ಲಥೊಟೆಪ್' ಓದುಗನನ್ನು ನ್ಯೂಯಾರ್ಕಿನಿಂದ ಲಂಡನ್, ಕೈರೋ, ಕೆನ್ಯ, ಷಾಂಘೈವರೆಗೆ ಸುತ್ತಿಸುತ್ತದೆ. ಅಷ್ಟು ಸುತ್ತಿ ಬಂದವನ ಕೈಯಲ್ಲಿ ಹೆಚ್ಚಿನ ಬಲವೇನೂ ಇರುವುದಿಲ್ಲ. ಬದುಕಿ ಬಂದರೆ ಅದೇ ದೊಡ್ಡದು. ಆ ಆಟದಲ್ಲಿ ಇನ್ನೊಂದು ಕಟ್ಟಳೆಯಿದೆ. ಕಥೆಯೊಳಗೆ ಪಾತ್ರಕ್ಕೆ ಹಳೆಯ ಮಂತ್ರಗ್ರಂಥವೊಂದು ಸಿಕ್ಕಿತೆನ್ನಿ. ಓದಿದರೆ ರಹಸ್ಯ ತಿಳಿಯುತ್ತದೆ. ತಿಳಿದಷ್ಟೂ ಬುದ್ಧಿಯ ಸ್ವಾಸ್ಥ್ಯದ ಅಂಕೆ ಶಾಶ್ವತವಾಗಿ ಇಳಿಯುತ್ತದೆ. ಅಲ್ಲಿ ಹೊಸ ಪುಸ್ತಕ ಕೈಗೆ ಬಂದಾಗ ಮೇಜಿನ ಸುತ್ತ ಕುಳಿತವರು, ನೀನು ಓದು, ನೀನು ಓದು ಎಂದು ಒಬ್ಬರಿಗೊಬ್ಬರು ದಾಟಿಸುತ್ತಾರೆ.